ಚಿತ್ರದ ಮೂಲೆಯ ‘ಗು’

ಕುಷಾಯಿಗೂಡ, ಹೈದರಾಬಾದ್
೧೪ ಜೂನ್ ೨೦೦೪

ಗುರುಸಿದ್ದಪ್ಪನವರಿಗೆ ನಮಸ್ಕಾರ.

ಹೌದು, ಗಂಡನ ಹೆಸರನ್ನು ಪೂರ್ತಿ ಬರೆದಿದ್ದೇನೆ. ಹುಬ್ಬೇರಿಸುವುದಾದರೆ ಏರಿಸಿ.

ಧಾರವಾಡದಿಂದ ನೀವು ಕಳಿಸಿದ ಕಾಗದ ತಲುಪಿತು. ಕೆರೆ, ಬಂಡೆಗಳ ಆ ಮೂರೂ ಚಿತ್ರಗಳನ್ನು ನನ್ನ ಗಂಡನೇ ೧೯೯೧ರಲ್ಲಿ ಬರೆದದ್ದು, ಒಂದು ಮೂಲ, ಎರಡು ನಕಲು ಎಂದು ಟೈಪು ಮಾಡಿಸಿ, ನನ್ನ ಸಹಿಗೆ ಜಾಗವನ್ನೂ ಬಿಟ್ಟಿದ್ದೀರಿ. ಸಹಿ ಮಾಡುವುದಿಲ್ಲ.

ಉಪ್ಪಲ್‌ನ ಸಾಫ್ಟ್‌ವೇರ್ ಕಂಪನಿಯ ಜನಾರ್ದನ ಅವರು ಮೂರನ್ನೂ ಹುಡುಕಿ ತಂದು, ಹೊಸ ಕಟ್ಟಡದಲ್ಲಿ ಸಾಲಾಗಿ ತೂಗುಹಾಕಲು ಹೊರಟಿದ್ದಾರೆ. ಕೆಳಗೆ ಹೆಸರು, ವರ್ಷ ಬರೆಸಬೇಕಲ್ಲ, ಅದಕ್ಕೆ ನಿಮ್ಮನ್ನು ಕೇಳಿದರು. ಅಷ್ಟಕ್ಕೇ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮಾಡಿದಿರಿ.

ಮೊನ್ನೆ ಅವರು ನನ್ನ ಮನೆಗೂ ಬಂದಿದ್ದರು. ಫೋಟೋಗಳನ್ನು ಚಾಪೆಯ ಮೇಲೆ ಹರಡಿ, “ಒಂದರಾಗ ಪೂರಾ ಹೆಸರೈತಿ, ಎರಡರಾಗ ಬರೇ ‘ಗು’ ಐತಿ. ಯಾಕ್ರೀ ಅಕ್ಕಾರ?” ಎಂದು ಕೇಳಿದರು. ಹೇಳಿಬಿಟ್ಟೆ.

ಪೂರಾ ಹೆಸರಿರುವುದು ನಿಮ್ಮದು. ಚೆನ್ನಾಗಿಯೇ ಇದೆ, ಆಕಾಶ ಮಾತ್ರ ಸುಣ್ಣ ಬಳಿದ ಗೋಡೆ. ನೀವು ಕೆಲಸಕ್ಕಿದ್ದ ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಬಂತು. ತೊಂಬತ್ಮೂರರ ಸ್ಪರ್ಧೆಗೆ ಸಾಹೇಬರು ಇನ್ನೊಂದು ಬೇಕೆಂದಾಗ ನಿಮ್ಮ ಕೈ ಏಳಲಿಲ್ಲ, ನಾನು ಬರೆದೆ. ಚಿತ್ರಸ್ಪರ್ಧೆ ನೌಕರರಿಗೆ ಮಾತ್ರ. ಹೆಂಡತಿಯರಿಗೆ ರಂಗೋಲಿ ಇಟ್ಟಿದ್ದರು. ನಿಮ್ಮ ಹೆಸರು ಹಾಕು ಎಂದಿರಿ. ಮದುವೆಯಲ್ಲಿ ಒಡಪು ಕಟ್ಟಿ ಒಮ್ಮೆ ಗಂಡನ ಹೆಸರು ಹೇಳಿದ ಮೇಲೆ ಮತ್ತೆ ಬಾಯಿಗೆ ತಂದವಳಲ್ಲ ನಾನು. ಕುಂಚದಿಂದ ಹೇಗೆ ಬರೆಯಲಿ? ಮೊದಲ ಅಕ್ಷರಕ್ಕೇ ನಿಲ್ಲಿಸಿದೆ. ನೀವು ಮೂಲೆ ನೋಡಲೂ ಇಲ್ಲ.

ಮೂರನೆಯದು ೧೯೯೯ರದ್ದು. ರಸ್ತೆಗೆಂದು ಕೆರೆಯಾಚೆಯ ಮೇಲಿನ ಬಂಡೆಯನ್ನು ಸಿಡಿಸಿದರಲ್ಲ, ಅದೇ ವಾರ ಅದನ್ನೂ ನಿಮ್ಮ ಹೆಸರಲ್ಲೇ ಬರೆದೆ. ಅದರಲ್ಲಿ ಆ ಬಂಡೆಯೇ ಇಲ್ಲ. ಎಂಟು ವರ್ಷ ಮೊದಲೇ ಅದು ಹೋಗುವುದನ್ನು ಕಾಣಲು ನೀವೇನು ಕಾಲಜ್ಞಾನಿಯೇ?

ನನ್ನ ತಪ್ಪೂ ಇದೆ. ನಾನು ಬರೆದ ಚಿತ್ರಕ್ಕೆ ನಿಮಗೆ ಶಾಲು ಹೊದಿಸಿದಾಗ ಹಿಂದಿನ ಸಾಲಿನಲ್ಲಿ ಕೂತು ನಾನೇ ಜೋರಾಗಿ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ನೀವು, “ನೀ ಏನ್ ಮಾಡೀದಿ? ಬರೇ ಬಣ್ಣ ತುಂಬೀದಿ” ಎಂದಿರಿ. ನೀವು ಮನೆ ಬಿಟ್ಟು ಹೋದದ್ದಕ್ಕಿಂತ ನನ್ನನ್ನು ಆ ಮಾತೇ ಹೆಚ್ಚು ನೋಯಿಸಿತು.

ಸಹಿ ಮಾಡದಿದ್ದರೆ ಮಗಳ ಕಣ್ಣಲ್ಲಿ ಅಪ್ಪ ಸಣ್ಣವನಾಗುತ್ತಾನೆ, ಅದು ಬೇಕೇ ಎಂದು ಬರೆದಿದ್ದೀರಿ. ಎರಡು ದಿನ ಅನ್ನ ಸೇರಲಿಲ್ಲ. ‘ಅಪ್ಪನ ಚಿತ್ರ’ ಎಂದು ನಿರೀಕ್ಷಾಳಿಗೆ ತೋರಿಸುತ್ತ ಬಂದವಳು ನಾನೇ ಅಲ್ಲವೇ? ಅವಳು ನನ್ನನ್ನು ಸುಳ್ಳುಗಾತಿ ಎಂದರೆ ಅನ್ನಿಸಿಕೊಳ್ಳುತ್ತೇನೆ. ಒಂದು ಚಿತ್ರಕ್ಕೆ ನಿಮ್ಮ ಹೆಸರು, ಎರಡಕ್ಕೆ ನನ್ನದು ಎಂದು ಜನಾರ್ದನರಿಗೆ ಬರೆದುಕೊಟ್ಟಾಗಿದೆ. ಉದ್ಘಾಟನೆಗೆ ಬರುವುದಾದರೆ ಬನ್ನಿ, ಬೇಡ ಎನ್ನುವುದಿಲ್ಲ.

ಇಂತಿ,
ಆ ಎರಡನ್ನೂ ಬರೆದ
ಸುಹಾಸಿನಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿರೀಕ್ಷಾಳಿಗೆ ಎಲ್ಲ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಲೂ ಇಲ್ಲ. “ಆರನೇ ಕ್ಲಾಸಿನಿಂದ ಗೊತ್ತೈತವ್ವಾ. ಬಣ್ಣ ನಿನ್ನ ಉಗುರಾಗ ಇರ್ತಿತ್ತು, ಅಪ್ಪನ ಉಗುರಾಗ ಒಂದಿನಾನೂ ಇರಲಿಲ್ಲ. ನೀ ಯಾವಾಗ ಬಾಯಿ ಬಿಡತಿ ಅಂತ ಕಾಯಾಕತ್ತಿದ್ದೆ” ಎಂದಳು.