ಸೀಳಿದ ಮೂರು ಪಟ್ಟಿಗಳ ವಿಚಾರ

ತಾಳವಾದ್ಯ ತಂಡದ ಯಜಮಾನನೂ ನನ್ನ ತಮ್ಮನ ಮಗನೂ ಆದ ನಿನಗೆ,

ಕೋಲಿನಿಂದ ಬಡಿದು ನುಡಿಸುವ ನಿನ್ನ ಮರಿಂಬಾ ವಾದ್ಯದ ಮೂರು ಮರದ ಪಟ್ಟಿ ಸೀಳಿವೆ, ಶನಿವಾರದೊಳಗೆ ಹೊಸದು ಬೇಕು ಎಂದು ಹೇಳಿ ಕಳಿಸಿದ್ದೀಯ. ಜಾಝ್ ಆಗಲಿ, ಸಿನಿಮಾ ಹಾಡಾಗಲಿ, ಆ ಮೂರು ಸ್ವರ ಇಲ್ಲದೆ ನಿಮ್ಮ ಕಛೇರಿ ನಡೆಯುವುದಿಲ್ಲ, ಗೊತ್ತು.

ಹೋದ ಸಲದ ಕಛೇರಿಯಲ್ಲಿ ನೀನು ಮೈಕ್ ಹಿಡಿದು, "ಇದರ ಒಂದೊಂದು ಪಟ್ಟಿನೂ ನಾನೇ ಕೆತ್ತಿದ್ದು" ಅಂದೆ. ಎರಡು ವರ್ಷ ಕೂತು ಕೆತ್ತಿದವನು ನಾನು. "ಎದ್ದು ಹೇಳ್ರೀ, ಬಾಯಿಲ್ವಾ?" ಅಂತ ನಿನ್ನ ದೊಡ್ಡಮ್ಮ ತಿವಿದಳು. ನಾನು ಏಳದೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಈಗ ಕೆತ್ತದ ಮೂರು ಹಲಗೆ, ಒಂದು ಉಳಿ ಕಳಿಸಿದ್ದೇನೆ. ನೀನೇ ಕೆತ್ತಿಕೋ. ಅಡಿಯಲ್ಲಿ ನಡುಭಾಗವನ್ನು ಚೂರುಚೂರೇ ಹೆರೆ. ಜಾಸ್ತಿಯಾದರೆ ಸ್ವರ ಇಳಿಯುತ್ತದೆ, ಹೆರೆದ ಮರ ವಾಪಸ್ ಅಂಟುವುದಿಲ್ಲ.

ಶನಿವಾರ ನಾವಿಬ್ಬರೂ ಬರುತ್ತೇವೆ. ನಿನ್ನ ಎದುರಿಗೇ ಎರಡು ಕುರ್ಚಿ ಹಾಕಿಸು.

ಇಂತಿ,
ಬಡಗಿ ದೊಡ್ಡಪ್ಪ