ಏಳರಲ್ಲಿ ನಿಂತ ಎಣಿಕೆ

೧೮೯೪ ಫೆಬ್ರವರಿ ೫, ಸೋಮವಾರ. ದಿಂಡಿಗಲ್. ಸಂಜೆ

ಮೊದಲು ತಪ್ಪೊಪ್ಪಿಗೆ. ಅಕ್ಷರ ಸೊಟ್ಟ. ಕಾಗುಣಿತ ಎಲ್ಲೆಲ್ಲಿ ತಪ್ಪಿದೆಯೋ ನನಗೇ ತಿಳಿಯದು. ಓದಿದ್ದು ಮೂರನೆಯ ಕ್ಲಾಸು, ಅದೂ ತಮಿಳಿನಲ್ಲಿ. ಮನೆಯ ಮಾತು ಕನ್ನಡವಾದರೂ ಅದರ ಅಕ್ಷರ ಕಲಿಸಿದ್ದು ಮೈಸೂರು ಕಡೆಯ ಒಬ್ಬ ಜಂಗಮಯ್ಯ. ನಮ್ಮೂರು ಕೊಂಬೈಯಲ್ಲಿ ಮನೆಯ ಜಗಲಿಯ ಮೇಲೆ ಎರಡು ಮಳೆಗಾಲ ತಂಗಿದ್ದರು. ಇದನ್ನು ಓದುವವರು ಯಾರೂ ಇಲ್ಲ, ಕ್ಷಮೆ ಯಾರಲ್ಲಿ ಕೇಳುವುದೋ... ಆ ಅಯ್ಯನಲ್ಲೇ ಕೇಳಿದೆ ಅಂತಿರಲಿ. ಕಾವಲಿನವರು ಇರುವ ಈ ಲೈನಿನಲ್ಲಿ ಕನ್ನಡ ಓದಬಲ್ಲವರಿಲ್ಲ. ಅದಕ್ಕೇ ಇದರಲ್ಲಿ ಬರೆಯುವುದು.

ಬೆಳಿಗ್ಗೆ ಬಂದೂಕು ಉಜ್ಜಿದೆ. ನೀರು ಸೇದಿದೆ. ಪರೇಡ್‌ನಲ್ಲಿ ಹೊಸ ದೊರೆಯ ಆರ್ಡರ್ ಓದಿದರು. ಇವರು ಪಲ್ಟಣದಿಂದ, ಅಂದರೆ ಸೈನ್ಯದಿಂದ ಬಂದವರು. ನಮ್ಮದು ಪಲ್ಟಣ ಅಲ್ಲ, ಖಜಾನೆಯ ಕಾವಲು ದಳ. ಬೆಳ್ಳಿ ಪೆಟ್ಟಿಗೆಗಳನ್ನು ಗಾಡಿಯಲ್ಲಿ ಗೂಡಲೂರು ದಾಟಿಸಿ, ಘಾಟಿ ಹತ್ತಿಸಿ, ಮೇಲೆ ಅಣೆಕಟ್ಟಿನ ಕೆಲಸದವರಿಗೆ ಮುಟ್ಟಿಸುವುದು ನಮ್ಮ ಡ್ಯೂಟಿ. ಆದರೂ ಪಲ್ಟಣದ ಪರೀಕ್ಷೆ ನಮಗೂ ಉಂಟಂತೆ. ಎದೆ ಅಳೆಯುತ್ತಾರೆ. ಆಮೇಲೆ ಬೂಟು ಹಾಕಿ, ಬಂದೂಕು ಹೊತ್ತು, ಮೈದಾನಕ್ಕೆ ನಾಲ್ಕು ಸುತ್ತು ಓಟ. ಒಂದು ಮೈಲು. ದೊರೆ ತಮ್ಮ ಊರಿನಲ್ಲಿ ಮುಷ್ಟಿಕಾಳಗ ಆಡುವವರಂತೆ. ಅಲ್ಲಿ ಬಿದ್ದವನಿಗೆ ಹತ್ತು ಎಣಿಸುತ್ತಾರಂತೆ. ಇಲ್ಲಿಯೂ ಹಾಗೆಯೇ. ಹತ್ತರೊಳಗೆ ಏಳದವನ ಹೆಸರು ಪುಸ್ತಕದಿಂದ ಹೊಡೆದುಹಾಕುವುದು. ಓಟ ಮಾರ್ಚಿ ಒಂದಕ್ಕೆ.

ನನಗೆ ಇಪ್ಪತ್ತು ವರ್ಷ. ಓಡುತ್ತೇನೆ. ಹೆದರಿಕೆ ಕರುಪ್ಪಯ್ಯ ಮಾಮನ ಬಗ್ಗೆ. ಅಮ್ಮನ ಅಣ್ಣ, ಇದೇ ದಳದಲ್ಲಿ ನಾಯಕ್. ನನ್ನನ್ನು ಸೇರಿಸಿದ್ದೂ ಅವರೇ. ಬರುವ ಆಡಿ ತಿಂಗಳಿಗೆ, ನಮ್ಮ ಆಷಾಢಕ್ಕೆ, ಅವರ ನೌಕರಿಗೆ ಇಪ್ಪತ್ತು ವರ್ಷ ತುಂಬುತ್ತದೆ, ಪೆನ್ಶನ್. ಅದಕ್ಕೆ ಮೊದಲು ಹೆಸರು ಹೋದರೆ ಬರಿಗೈ.

ಫೆಬ್ರವರಿ ೮, ಗುರುವಾರ

ಎದೆ ಅಳೆದರು. ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಡ್ರೆಸ್ಸರ್ ಟೇಪು ಹಿಡಿದರು. ಬದುಕಿದ್ದವನ ಮೈಗೆ ದಾರ ಹಿಡಿಯಬಾರದು ಅನ್ನುತ್ತಾಳೆ ನಮ್ಮಮ್ಮ. ಚಟ್ಟ ಕಟ್ಟುವವರು ಮಾತ್ರ ಹಾಗೆ ಅಳೆಯುವುದು. ಟೇಪು ತಣ್ಣಗಿತ್ತು. ನನ್ನದು ಹೇಗೋ ಸರಿಹೋಯಿತು.

ಮಾಮನ ಸರದಿ. ಡ್ರೆಸ್ಸರ್ ಉಸಿರು ಎಳೆಯಿರಿ ಅಂದರು. ಎಳೆದರು, ಆದರೆ ಹಿಡಿಯಲು ಆಗಲಿಲ್ಲ, ಕೆಮ್ಮು ಬಂತು. ಎರಡನೆಯ ಸಲ ಅಳತೆ ಮುಟ್ಟಿತು. ಹೊರಗೆ ಬಂದು, ಚಟ್ಟದ ಬಿದಿರಿಗೆ ಅಳತೆ ಸಿಕ್ಕಿತು, ಇನ್ನು ಕಡಿಯುವುದೊಂದೇ ಬಾಕಿ ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಫೆಬ್ರವರಿ ೧೩, ಮಂಗಳವಾರ

ಕೋಟೆ ಬಂಡೆಯ ಕೆಳಗೆ ಮಾಮನ ಜೊತೆ ಓಡಿ ಅಭ್ಯಾಸ. ಒಂದೂವರೆ ಸುತ್ತಿಗೆ ನಿಂತುಬಿಟ್ಟರು. ಬಂಡೆಗೆ ಕೈ ಕೊಟ್ಟು ನಿಂತರು. ಉಸಿರಿನಲ್ಲಿ ತಿದಿ ಒತ್ತಿದಂಥ ಸದ್ದು. ವಾಯು ಅಂದರು.

ಆಮೇಲೆ ಅವರೇ ಮಾತು ತೆಗೆದರು. ಮಾಪ್ಳೆ ಅಂದರೆ ಅಳಿಯ, ನನ್ನನ್ನು ಹಾಗೆಯೇ ಕರೆಯುವುದು.

“ಹತ್ತೊಂಬತ್ತು ವರ್ಷದಲ್ಲಿ ಒಂದ್ ದಿನ ಓಡಿಲ್ಲ ಮಾಪ್ಳೆ. ಪೆಟ್ಟಿಗೆ ಹತ್ರ ಓಡೋನು ಕಳ್ಳ. ಕಾಯೋನು ನಿಂತಿರೋನು.”

ನ್ಯಾಯವಾದ ಮಾತು ಅನ್ನಿಸಿತು. ಮೂವತ್ತು ಮೈಲು ನಡೆದು, ಎಚ್ಚರವಾಗಿ ಕೂತು, ಮತ್ತೆ ನಡೆಯುವವರು ಮಾಮ. ದಾರಿಯಲ್ಲಿ ಯಾವ ಹಳ್ಳದಲ್ಲಿ ಗಾಡಿ ಹೂಳುತ್ತದೆ, ಯಾವ ಚತ್ರದಲ್ಲಿ ಯಾರನ್ನು ನಂಬಬಾರದು, ಎಲ್ಲ ಗೊತ್ತು. ಅದನ್ನು ಅಳೆಯುವ ಟೇಪು ಎಲ್ಲಿದೆ?

ಸಂಜೆ ಹವಲ್ದಾರ್ ವೇಲು ಬೇರೆಯದೇ ಹೇಳಿದರು. ಡ್ರಿಲ್ ಮಾಡಿಸುವವರು ಅವರೇ, ಬಾಯಿ ಕೆಟ್ಟದ್ದು. ಮೂರು ವರ್ಷದ ಹಿಂದೆ ಘಾಟಿಯಲ್ಲಿ ಕಳ್ಳರು ಮುಂದಿನ ಗಾಡಿಗೆ ಬಿದ್ದಾಗ ಹಿಂದಿದ್ದ ಕಾವಲಿನವನು ಏದುಸಿರು ಬಿಟ್ಟುಕೊಂಡು ಬಂದು ಮುಟ್ಟುವಷ್ಟರಲ್ಲಿ ಗಾಡಿಯವನ ಪ್ರಾಣ ಹೋಗಿತ್ತಂತೆ. ನೂರು ಮಾರು ಓಡಿದ್ದರೆ ಉಳಿಯುತ್ತಿದ್ದನಂತೆ. ಅದೂ ನ್ಯಾಯವಾದ ಮಾತೇ ಅನ್ನಿಸಿತು. ನನ್ನದು ಇದೇ ಪಾಡು... ಹೇಳಿದವರೆಲ್ಲ ಸರಿ.

ಫೆಬ್ರವರಿ ೨೬, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ದಿನಾ ಮಾಮನನ್ನು ಓಡಿಸುವುದು, ಆಮೇಲೆ ಬೆನ್ನು ನೀವುವುದು. ಮೂರು ಸುತ್ತಿಗೆ ಬಂದಿದ್ದಾರೆ. ನಾಲ್ಕನೆಯದಕ್ಕೆ ಮುಖ ಬೂದಿಯಾಗುತ್ತದೆ.

ಇವತ್ತಿನ ಆರ್ಡರ್ — ಬಿದ್ದವರಿಗೆ ಎಣಿಸುವವನು ನಾನು. ಮಾರಿಮುತ್ತು, ನಂಬರ್ ನಲವತ್ತೊಂದು. ಶಾಲೆಗೆ ಹೋದವನು ಅಂತ. ನನಗೆ ಬಾಯಿ ಬಿಡುವುದೇ ಕಷ್ಟ ಅಂದೆ. ಅದನ್ನು ಹೇಳಿದ್ದೂ ಕೇಳಿಸಲಿಲ್ಲವಂತೆ. ವೇಲು ಎಲ್ಲರ ಮುಂದೆ ಹಾಸ್ಯ ಮಾಡಿದರು. ಕೊಂಬೈ ನಾಯಿ ಬೊಗಳಿದರೆ ಹುಲಿ ಓಡುತ್ತದಂತೆ, ಈ ಕೊಂಬೈಯವನಿಗೆ ಬಾಯಿಯನ್ನೇ ಇಟ್ಟಿಲ್ಲ ಅಂತ.

ಬಾವಿಯ ಹಿಂದೆ ನಿಂತು ತಮಿಳಿನಲ್ಲಿ ಎಣಿಸಿ ಕೂಗಿ ನೋಡಿದೆ. ಒಣ್ಣು, ರೆಂಡು, ಮೂಣು... ಕಾಗೆ ಮಾತ್ರ ಹಾರಿತು.

ದೇವರೇ, ಯಾರೂ ಬೀಳದಿರಲಿ.

ಮಾರ್ಚಿ ೧, ಗುರುವಾರ. ಮಧ್ಯಾಹ್ನ

ಈಗ ಬರೆಯಲಾರೆ. ಆಮೇಲೆ.

ಅದೇ ದಿನ, ಸಂಜೆ

ಬರೆದುಬಿಡಬೇಕು.

ನನ್ನ ಓಟ ಮೊದಲೇ ಮುಗಿದಿತ್ತು. ಮಾಮನ ನಾಲ್ಕನೆಯ ಸುತ್ತು. ಹುಣಸೆ ಮರದ ತಿರುವಿನಲ್ಲಿ ಮಾಮ ಬಿದ್ದರು. ಮೊದಲು ಬಂದೂಕು ಬಿತ್ತು, ಆಮೇಲೆ ಮೊಣಕಾಲು, ಆಮೇಲೆ ಮುಖ. ನಾನು ಓಡಿ ಪಕ್ಕಕ್ಕೆ ನಿಂತೆ. ಮುಟ್ಟಬಾರದು, ಅದು ರೂಲು. ದೊರೆ ಕುದುರೆಯ ಮೇಲೆ. ವೇಲು ಪಕ್ಕದಲ್ಲಿ.

ಎಣಿಸಿದೆ. ತಮಿಳಿನಲ್ಲಿ, ಗಟ್ಟಿಯಾಗಿಯೇ. ಅಂಜು, ಅಂದರೆ ಐದು. ಆರು. ಮಾಮನ ಬೆರಳು ಮಣ್ಣನ್ನು ಕೆರೆಯಿತು. ಏಳು, ಅಂದೆ.

ಅಲ್ಲಿಗೆ ನಿಂತೆ. ತಮಿಳಿನ ಏಳೂ ನಮ್ಮ ಏಳೂ ಕಿವಿಗೆ ಒಂದೇ. ಆದರೆ ನಮ್ಮ ಮನೆಯ ಮಾತಿನಲ್ಲಿ ಅದು ಲೆಕ್ಕ ಮಾತ್ರ ಅಲ್ಲ, ಎದ್ದೇಳು ಅಂತಲೂ ಹೌದು. ಬಾಯಿ ಅದನ್ನೇ ಹಿಡಿದುಕೊಂಡಿತು. ಏಳು. ಏಳು ಮಾಮಾ. ಏಳು... ಎಂಟು ಅನ್ನುವ ಮಾತು ಬರಲೇ ಇಲ್ಲ. ಐದನೆಯ ಏಳಿಗೆ ಮಾಮ ಎದ್ದು ನಿಂತರು. ಗೆರೆಯವರೆಗೆ ಹೋದರು. ಓಟ ಅಲ್ಲ ಅದು. ಹೋದರು.

ಈಗ ಬೆರಳಿನಲ್ಲಿ ಎಣಿಸಿದೆ. ಆರರ ಮೇಲೆ ಐದು. ಹನ್ನೊಂದು. ಒಂದು ಹೆಚ್ಚು. ಒಂದೇ ಒಂದು.

ಮಾರ್ಚಿ ೨, ಶುಕ್ರವಾರ

ನಾಳೆ ವಿಚಾರಣೆ. ಯಾರೋ ದೂರು ಕೊಟ್ಟಿದ್ದಾರೆ. ಸೋದರಳಿಯ ಮಾವನಿಗಾಗಿ ಲೆಕ್ಕ ಮುರಿದ ಅಂತ. ಸುಳ್ಳು ಲೆಕ್ಕ ಕೊಟ್ಟವನಿಗೂ ಕೆಲಸ ಹೋಗುತ್ತದೆ. 

ಮಾರ್ಚಿ ೩, ಶನಿವಾರ

ದೊರೆಯ ಮೇಜಿನ ಮುಂದೆ ನಿಂತೆ. ಯಾಕೆ ಏಳರಲ್ಲೇ ನಿಲ್ಲಿಸಿದೆ ಅಂದರು. ದೊರೆಯ ತಮಿಳು ಪುಸ್ತಕದ್ದು. ಅದು ಲೆಕ್ಕ ಅಲ್ಲ, ನಮ್ಮ ಮನೆಯ ಮಾತು, ಎದ್ದು ನಿಲ್ಲು ಅಂತ ಅರ್ಥ ಅಂದೆ. ಎರಡು ಸಲ ಹೇಳಬೇಕಾಯಿತು. ವೇಲು ನಂಬಲಿಲ್ಲ. ಸಿಕ್ಕಿಬಿದ್ದವನಿಗೆ ಹೊಸ ಭಾಷೆ ಹುಟ್ಟುತ್ತದೆ ಅಂದರು.

ಗೇಟಿನ ಹತ್ತಿರ ಅಂಬಲಿ ಮಾರುವ ಓಚ್ಚಮ್ಮಾಳ್ ನಮ್ಮವಳು, ಕೊಂಬೈ ಪಕ್ಕದ ತೇವಾರದ ಕಡೆಯವಳು, ಮನೆಯಲ್ಲಿ ನಮ್ಮದೇ ಮಾತು. ಅವಳನ್ನು ಕರೆಸಿದರು. ಯಾತಕ್ಕೆ ಅಂತ ಹೇಳಬಾರದು ಎಂದು ದೊರೆ ತಾಕೀತು ಮಾಡಿದ್ದರು. ಕೈ ಒರೆಸಿಕೊಂಡು ಬಂದಳು. ಏಳು ಅಂದರೆ ಏನು ಅಂತ ದೊರೆ ಕೇಳಿದರು.

“ಆರು ಆದ ಮೇಲೆ ಬರೋದು, ದೊರೆ.”

ದೊರೆ ಬಿಡಲಿಲ್ಲ, ನಿನ್ನ ಮನೆಯ ಮಾತಿನಲ್ಲಿ ಅಂದರು. ಅವಳು ನನ್ನ ಕಡೆ ಒಮ್ಮೆ ನೋಡಿದಳು.

“ಅಲ್ಲೂ ಅದೇ. ಮತ್ತೆ, ಬಿದ್ದ ಕೂಸಿಗೆ ಏಳು ಅಂತೀವಿ. ಮಲಗಿರೋ ಎಮ್ಮೆಗೆ ಏಳು ಅಂತೀವಿ. ಏಳಬೇಕಲ್ಲ, ದೊರೆ.”

ದೊರೆ ಎಮ್ಮೆಯ ಮಾತಿಗೆ ನಕ್ಕರು. ಹಾಗಾದರೆ ಅದು ಲೆಕ್ಕವಲ್ಲ, ಲೆಕ್ಕ ಏಳಕ್ಕೇ ನಿಂತಿತು, ಮನುಷ್ಯ ಎದ್ದ ಅಂದರು. ಪುಸ್ತಕದಲ್ಲಿ ಮಾಮನ ಹೆಸರಿನ ಮುಂದೆ ಫಿಟ್ ಅಂತ ಬರೆದರು. ಬದುಕಿದೆ ಅನ್ನಿಸಿತು.

ಹೊರಗೆ ಬಂದಾಗ ವೇಲು ಮೆಲ್ಲಗೆ, ದೊರೆ ನಂಬಿದರು, ನಾನು ನಂಬಿಲ್ಲ, ಘಾಟಿಯಲ್ಲಿ ನಿನ್ನ ಮಾಮ ನನ್ನ ಹಿಂದೆ ಕಾವಲು ಬರುವವರು, ನೆನಪಿರಲಿ ಅಂದರು. ಬೈಗುಳ ಇರಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಗೇಟಿನಲ್ಲಿ ಓಚ್ಚಮ್ಮಾಳ್ ಅಂಬಲಿ ಹೊಯ್ಯುತ್ತ, ತಲೆ ಎತ್ತದೆ ಕೇಳಿದಳು.

“ಯಾವತ್ತಿಂದ ನೀ ಮಾಮನ್ನ ಏಳು ಅಂತೀಯ? ಏಳಿ ಅಂತಲ್ಲ ಅನ್ನೋದು?”

ಅಂಬಲಿ ಕುಡಿಯದೆ ಬಂದೆ.

ಹುಟ್ಟಿದಂದಿನಿಂದ ಬನ್ನಿ ಮಾಮಾ, ಕೂರಿ ಮಾಮಾ. ಒಂದು ದಿನವೂ ಏಕವಚನ ಬಂದಿಲ್ಲ. ಹಾಗಾದರೆ ಅವತ್ತು ಬಂದದ್ದು ಯಾವ ಏಳು? ನನಗೇ ತಿಳಿಯದು. ತಿಳಿದಿದೆಯೋ ಏನೋ. ಬರೆಯಲು ಭಯ.

ಮಾರ್ಚಿ ೭, ಬುಧವಾರ

ಫಿಟ್ ಆದವರಲ್ಲಿ ಘಾಟಿಗೆ ಹೋಗುವವರ ಪಟ್ಟಿ ಗೋಡೆಗೆ ಅಂಟಿಸಿದ್ದಾರೆ. ಶನಿವಾರ ಬೆಳಿಗ್ಗೆ ಹನ್ನೆರಡು ಪೆಟ್ಟಿಗೆ ಘಾಟಿಗೆ. ಮೊದಲ ಹೆಸರು ನಾಯಕ್ ಕರುಪ್ಪಯ್ಯ. ಮೊದಲಾದರೆ ವಯಸ್ಸಾದವರನ್ನು ಊರಿನ ಖಜಾನೆಯ ಬಾಗಿಲಿಗೆ ಹಾಕುತ್ತಿದ್ದರು. ಈಗ ಫಿಟ್ ಅಂದರೆ ಫಿಟ್, ಎಲ್ಲರೂ ಒಂದೇ. ನನ್ನ ಹೆಸರು ಪಟ್ಟಿಯಲ್ಲಿಲ್ಲ.

ಮಾಮನ ಹೆಂಡತಿ ಪಿಚ್ಚೈಯಮ್ಮಾಳ್ ಅತ್ತೆ ಲೈನಿನ ಮನೆಗೆ ಕರೆದಳು. ಮಾಮನ ಕಾಲು ತೋರಿಸಿದಳು. ಹಲಸಿನ ಹಣ್ಣಿನ ಹಾಗೆ ಊದಿದೆ. ಹೆಬ್ಬೆರಳು ಒತ್ತಿದೆ. ಬೆರಳು ತೆಗೆದ ಮೇಲೂ ಕುಳಿ ಹಾಗೆಯೇ ನಿಂತಿತು. ಓಟಕ್ಕೆ ಮೊದಲೇ, ತೈ ಹಬ್ಬದಿಂದಲೇ, ಸಂಕ್ರಾಂತಿಯಿಂದಲೇ ಹೀಗಂತೆ. ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ನಿದ್ದೆ ಮಾಡುತ್ತಾರಂತೆ.

ಡ್ರೆಸ್ಸರಿಗೆ ತೋರಿಸೋಣ ಅಂದೆ. ಮಾಮ ನನ್ನ ಕೈ ಹಿಡಿದುಕೊಂಡರು.

“ತೋರ್ಸಿದ್ರೆ ಅವತ್ತೇ ಹೆಸರು ಹೊಡೀತಾರೆ. ಆಡಿ ವರೆಗೂ ಸುಮ್ಮ ಇರು ಮಾಪ್ಳೆ. ಆಮೇಲೆ ನಾನೇ ಹೋಗಿ ಅವ್ರ ಮೇಜಿನ ಮೇಲೆ ಮಲಗ್ತೀನಿ.”

ಅತ್ತೆ ಒಲೆಯ ಕಡೆ ತಿರುಗಿಕೊಂಡಳು.

ಆ ಪರೀಕ್ಷೆಯನ್ನು ಎಷ್ಟು ಬೈದೆ. ಕಾವಲಿಗೆ ಓಟ ಯಾಕೆ, ಬೂಟು ಯಾಕೆ, ಇಪ್ಪತ್ತರವನಿಗೂ ಐವತ್ತರವನಿಗೂ ಒಂದೇ ಗೆರೆ ಯಾಕೆ ಅಂತ. ಈಗಲೂ ಅದು ನ್ಯಾಯ ಅನ್ನಲಾರೆ. ಆದರೆ ಹುಣಸೆ ಮರದ ತಿರುವಿನಲ್ಲಿ ಅದು ಒಂದು ನಿಜ ಹೇಳಿತು. ಹತ್ತೊಂಬತ್ತು ವರ್ಷ ಜೊತೆಗಿದ್ದವರು ಯಾರೂ ನೋಡದ ನಿಜ. ಪರೀಕ್ಷೆ ಸುಳ್ಳು ಹೇಳಲಿಲ್ಲ. ಹೇಳಿದ್ದು ನಾನು.

ಮಾರ್ಚಿ ೯, ಶುಕ್ರವಾರ. ಸಂಜೆ

ಎರಡು ಸಲ ಆಸ್ಪತ್ರೆಯ ಜಗಲಿಯವರೆಗೆ ಹೋದೆ. ಎರಡು ಸಲ ಹಿಂದೆ ಬಂದೆ.

ಹೇಳಿದರೆ ಪೆನ್ಶನ್ ಹೋಗುತ್ತದೆ. ಅತ್ತೆಗೆ ಏನು ಮುಖ ತೋರಿಸಲಿ? ಹೇಳದಿದ್ದರೆ ಘಾಟಿ. ಏಳು ಮೈಲು ಏರು, ಬೂಟು, ಬಿಸಿಲು. ಹಿಂದಿನ ಗಾಡಿಯ ಕಾವಲಿಗೆ ಮಾಮ. ಅಲ್ಲಿ ಬಿದ್ದರೆ ಎಣಿಸುವವರು ಯಾರು? ಕಳ್ಳರು ಬಂದರೆ... ಆ ಗಾಡಿಯವನಿಗೂ ಮನೆ ಇದೆ. ವೇಲುವಿಗೂ ಇದೆ.

ಮಾಮ ಈ ಸಂಜೆ ಜಗಲಿಯಲ್ಲಿ ಕೂತು ಪದಕ ಉಜ್ಜುತ್ತಿದ್ದರು. ಸಂತೋಷವಾಗಿದ್ದರು. ಘಾಟಿಯ ಮೇಲೆ ಗಾಳಿ ತಣ್ಣಗಿರುತ್ತದೆ, ಉಸಿರಿಗೆ ಒಳ್ಳೆಯದು ಅಂದರು.

ಮಾರ್ಚಿ ೧೦, ಶನಿವಾರ. ಬೆಳಿಗ್ಗೆ

ಬಾವಿಯ ಹಿಂದೆ ಕೂತು ಬರೆಯುತ್ತಿದ್ದೇನೆ. ಗಾಡಿಗಳು ಇನ್ನೂ ಹೊರಟಿಲ್ಲ.

ಬ್ಯೂಗಲ್‌ಗೆ ಮೊದಲು ಎಲ್ಲರೂ ಸಾಲು ನಿಂತರು. ಡ್ರೆಸ್ಸರ್ ದಾರಿಯ ಔಷಧದ ಪೆಟ್ಟಿಗೆ ಕೊಡಲು ಬಂದಿದ್ದರು, ಮೂರು ಮಾರು ದೂರ. ಮಾಮನಿಗೆ ಬಗ್ಗಲು ಆಗುತ್ತಿರಲಿಲ್ಲ. ಬೂಟಿನ ದಾರ ಕಟ್ಟು ಅಂತ ಕಣ್ಣಿನಲ್ಲೇ ನನ್ನನ್ನು ಕರೆದರು. ಮುಂದೆ ಕೂತೆ. ಬೂಟು ಮುಚ್ಚುವ ಹಾಗೆಯೇ ಇರಲಿಲ್ಲ. ಎರಡು ಕಡೆಯ ತೊಗಲಿನ ನಡುವೆ ಕಾಲು ಉಬ್ಬಿ ನಿಂತಿತ್ತು, ನುಣ್ಣಗೆ, ಹೊಳೆಯುತ್ತ. ಬಲವಾಗಿ ಎಳೆದು, ಮೇಲೆ ಬಟ್ಟೆಯ ಪಟ್ಟಿ ಸುತ್ತಿ ಮರೆಮಾಡಬಹುದಿತ್ತು. ಪಟ್ಟಿ ನನ್ನ ಕೈಯಲ್ಲೇ ಇತ್ತು.

ಸುತ್ತಲಿಲ್ಲ. ಆಗಲೇ ಕಟ್ಟಿದ್ದ ಎರಡು ತೂತಿನ ದಾರವನ್ನೂ ಬಿಚ್ಚಿದೆ. ಎದ್ದು ಪಕ್ಕಕ್ಕೆ ಸರಿದು ನಿಂತೆ. ನಾನು ಮಾಡಿದ್ದು ಅಷ್ಟೇ.

ಡ್ರೆಸ್ಸರ್ ಪೆಟ್ಟಿಗೆ ಕೆಳಗಿಟ್ಟರು. ಹತ್ತಿರ ಬಂದು ಬಗ್ಗಿ ಹೆಬ್ಬೆರಳು ಒತ್ತಿದರು. ಮಾಮ ಅವರನ್ನು ನೋಡಲಿಲ್ಲ. ನನ್ನನ್ನೇ ನೋಡಿ, ಮೆಲ್ಲಗೆ, ನಾನು ಬಿಟ್ಟ ಲೆಕ್ಕ ಮುಗಿಸಿದರು. “ಎಂಟು. ಒಂಬತ್ತು. ಹತ್ತು.”