ಗೋಡು ಕೆರೆಸಿದ ಕೆರೆಯೂ ಗೌಹರ್ ಮೇಡಂ ಲೆಕ್ಕವೂ

ಕೆರೆ ಉದ್ಧಾರಕ ಮಾನ್ಯರೇ,

ನಮ್ಮೂರ ಕೆರೆಯ ತಳದ ಗೋಡನ್ನು, ಅಂದರೆ ಜಿಗುಟು ಹೂಳುಮಣ್ಣನ್ನು, ಮರಳು ಕಾಣುವವರೆಗೆ ಕೆರೆಸಿ, ಹಾರ ಹಾಕಿಸಿಕೊಂಡು ಹೋದಿರಿ. ಈಗ ಅಲ್ಲಿಗೆ ಬಂದು ಬೀಳುವ ಚರಂಡಿ ನೀರು ಮರಳಿಗಿಳಿದು ಅಂಗನವಾಡಿಯ ಬೋರ್‌ವೆಲ್ ಕಡೆ ನಡೆಯುತ್ತಿದೆ. ಇದು ನನ್ನ ಊಹೆಯಲ್ಲ, ತಾವು ನಕ್ಕು ಕಳಿಸಿದ ವಿಜ್ಞಾನಿಯ ಲೆಕ್ಕ.

ಮರೆತಿದ್ದರೆ ನೆನಪಿಸುತ್ತೇನೆ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಮನೆತನದ ಗೌಹರ್ ಮೇಡಂ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಮರಳಿನ ಕಾಳು ದಪ್ಪವಾದಷ್ಟೂ ನೀರು ಬೇಗ ನುಸುಳುತ್ತದೆ ಎಂಬುದು ಹಳೆಯ ವಿಚಾರ. ಅವರು ಈ ಸೀಮೆಯ ಕೆರೆಮಣ್ಣನ್ನು ರೇಷ್ಮೆಹುಳ ಸಾಕುವ ತಟ್ಟೆಗಳಲ್ಲಿ ಒಣಗಿಸಿ, ಬಗೆಬಗೆಯ ನೇಯ್ಗೆಯ ರೇಷ್ಮೆ ಬಟ್ಟೆಯಲ್ಲಿ ಜರಡಿ ಹಿಡಿದು ಇನ್ನೊಂದು ಮಾತು ಸೇರಿಸಿದರು. ಮೇಲೆ ಗೇಣು ದಪ್ಪ ಗೋಡಿದ್ದರೆ ಸಾಕು, ಕೆಳಗಿನ ಮರಳು ಎಷ್ಟೇ ಸಡಿಲವಿರಲಿ, ನೀರಿನ ನಡಿಗೆಗೆ ಅದೇ ಲಗಾಮು. ಆ ಲಗಾಮನ್ನೇ ತಾವು ಕಿತ್ತಿರಿ. ಗೋಡು ಹಿಪ್ಪುನೇರಳೆಗೆ ಬಂಗಾರವೆಂದು ಊರೂ ಟ್ರ್ಯಾಕ್ಟರ್ ಹೂಡಿಕೊಂಡು ಓಡಿತು. ಹೂಳೆತ್ತುವುದು ಪುಣ್ಯವಲ್ಲವೇ?

ತಡೆಯಲು ಬಂದ ಅವರನ್ನು ತಮ್ಮ ಕಚೇರಿಯಲ್ಲಿ ಕೇಳಿದಿರಿ: "ಮೇಡಂ, ನಿಮ್ಮ ಹೆಸರು ಯಾವ ಪುಸ್ತಕದಲ್ಲಿದೆ?"

"ನೀರು ಪುಸ್ತಕ ಓದ್ಕೊಂಡು ಹರಿಯಲ್ಲ ಸಾರ್," ಎಂದರು ಅವರು. "ಯುಗಾದಿಗೆ ಕಟ್ಟೆ ಕೆಳಗಿನ ತೋಟ ಮುಟ್ಟುತ್ತೆ. ಮಳೆಗಾಲಕ್ಕೆ ಇವರ ತೋಟ. ದಸರಾ ಹೊತ್ತಿಗೆ ಅಂಗನವಾಡಿ."

ಜೊತೆಗಿದ್ದ ನಾನೇ ಆ 'ಇವರು'. ಯುಗಾದಿಗೆ ಕಟ್ಟೆ ಕೆಳಗಿನ ತೋಟದ ಮುರಳಿಮೋಹನ್ ಅವರ ಹುಳವೆಲ್ಲ ಸತ್ತು ಹುಳುಮನೆ ಖಾಲಿಯಾಯಿತು. ರೋಗ ಎಂದಿರಿ. ಆಷಾಢದಲ್ಲಿ ನಮ್ಮತ್ತೆ ಆಂಜಿನಮ್ಮ ತಟ್ಟೆ ಮುಂದೆ ಕೂತು, "ಹುಳ ತಲೆ ಎತ್ತಿ ಸೊಪ್ಪು ಮೂಸಿ ಪಕ್ಕಕ್ ಹೋಗ್ತಾವೆ ಕಣಮ್ಮಾ. ನೀರಲ್ಲೇ ಏನೋ ಐತೆ," ಎಂದರು. ನಮ್ಮ ಬಾವಿ ನೀರು ಕುದಿಸಿದರೂ ನಾರುತ್ತದೆ. ಅಂಗನವಾಡಿಯ ನೀರು ಮಾತ್ರ ಇನ್ನೂ ಸಿಹಿ. ನನಗೆ ಭಯ ಅದರದೇ. ಗೌರಿಹಬ್ಬ ಕಳೆದಿದೆ, ದಸರಾ ಬಾಗಿಲಲ್ಲಿದೆ, ಅವರ ಲೆಕ್ಕ ಇದುವರೆಗೆ ತಪ್ಪಿಲ್ಲ.

ಅಂಗನವಾಡಿಗೆ ಹೋಗುವ ಮಗಳಿಗೆ ಪೇಟೆಯಿಂದ ತರಿಸಿದ ನೀರನ್ನು ಬಾಟಲಿಗೆ ತುಂಬಿ ಕಳಿಸುತ್ತೇನೆ. ಅವಳು ಅದನ್ನು ಗೆಳತಿಯರಿಗೆ ಹಂಚಿ ನಲ್ಲಿಗೆ ಬಾಯಿ ಕೊಟ್ಟು ಬರುತ್ತಾಳೆ. ಗದರಿದರೆ, "ಎಲ್ರೂ ಅದೇ ಕುಡೀತಾರಮ್ಮ" ಅನ್ನುತ್ತಾಳೆ.

ಆ ಬೋರ್‌ವೆಲ್ ಇಂದೇ ಮುಚ್ಚಿಸಿ, ಮಕ್ಕಳಿಗೆ ಬೇರೆ ನೀರು ಕೊಡಿ. ಚರಂಡಿ ತಿರುಗಿಸಿ. ಆಗದೆಂದರೆ ದಸರಾದ ದಿನ ಬಂದು, ಆ ನಲ್ಲಿಯ ಕೆಳಗೆ ನಮ್ಮ ಮಕ್ಕಳಿಗಿಂತ ಮೊದಲು ತಾವು ಬೊಗಸೆಯೊಡ್ಡಿ.

ಇಂತಿ,
ಹುಳುಗಳಿಗಿರುವಷ್ಟು ಬುದ್ಧಿ ಮಗಳಿಗೂ ಇರಲೆಂದು ಬೇಡುತ್ತಿರುವ
ಸಂಘಮಿತ್ರ